ಆಟದ ಬೀಗದ ಕೈ ಯಾರ ಬಳಿ ಇರಬೇಕು? – ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಮಗ ರಾತ್ರಿ ಹನ್ನೊಂದಾದರೂ ಬಿಜಿಎಂಐ ಎಂಬ ಮೊಬೈಲಿನ ಗುಂಡು ಹಾರಿಸುವ ಆಟ ಬಿಡುತ್ತಿಲ್ಲ, ಇದನ್ನು ನಿಲ್ಲಿಸುವ ಹೊಣೆ ಕಂಪನಿಯದೋ, ಸರ್ಕಾರದ್ದೋ, ನಮ್ಮದೋ ಎಂದು ಕೇಳಿದ್ದೀಯ. ಮಕ್ಕಳಿಂದ ಹಣ ಕೀಳುವುದನ್ನೂ ಎದ್ದು ಹೋಗಲು ಬಿಡದ ಹಾಗೆ ಆಟ ಹೆಣೆಯುವುದನ್ನೂ ತಡೆಯುವ ಹೊಣೆ ಕಂಪನಿಯದು, ಸರ್ಕಾರದ್ದು. ಗಂಟೆಯ ಲೆಕ್ಕ ಮಾತ್ರ ಮನೆಯೊಳಗೇ ಆಗಬೇಕು. ಅದನ್ನು ಹೊರಗಿನಿಂದ ಅಳೆಯಲು ಹೋದವರು ಕೈಸುಟ್ಟುಕೊಂಡಿದ್ದಾರೆ.

ದಕ್ಷಿಣ ಕೊರಿಯಾ 2011ರ ನವೆಂಬರಿನಲ್ಲಿ ಒಂದು ಕಾನೂನು ತಂದಿತು. 16 ವರ್ಷದೊಳಗಿನವರು ರಾತ್ರಿ 12ರಿಂದ ಬೆಳಗಿನ 6ರವರೆಗೆ ಆನ್‌ಲೈನ್ ಆಟ ಆಡುವಂತಿಲ್ಲ. ಅದು ಕಂಪ್ಯೂಟರ್ ಆಟಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಕಾನೂನು, ಮೊಬೈಲ್ ಆಟಗಳು ಅದರ ಹೊರಗೇ ಉಳಿದವು. ಮಕ್ಕಳೆಲ್ಲ ಮೊಬೈಲಿಗೆ ಬಂದರು. 2022ರ ಜನವರಿ 1ರಿಂದ ಅದು ರದ್ದಾಯಿತು. ಈಗ ಅಲ್ಲಿ ಉಳಿದಿರುವುದು ಇಷ್ಟು: ಹೆತ್ತವರೋ ಮಗುವೋ ಕೇಳಿಕೊಂಡರೆ, ಅವರು ಹೇಳಿದ ಹೊತ್ತಿನಲ್ಲಿ ಕಂಪನಿ ಆಟ ನಿಲ್ಲಿಸಿಕೊಡಬೇಕು. ಹತ್ತು ವರ್ಷ ಊರೆಲ್ಲ ಸುತ್ತಿ ತೀರ್ಮಾನ ಮತ್ತೆ ಮನೆ ಬಾಗಿಲಿಗೇ ಬಂತು.

ಚೀನಾ ಇನ್ನೂ ಬಿಗಿ ಮಾಡಿತು. 2021ರ ಸೆಪ್ಟೆಂಬರ್ 1ರಿಂದ 18 ತುಂಬದವರಿಗೆ ಶುಕ್ರವಾರ, ಶನಿವಾರ, ಭಾನುವಾರ ಮತ್ತು ಸರ್ಕಾರಿ ರಜೆಯ ದಿನ ರಾತ್ರಿ 8ರಿಂದ 9ರವರೆಗೆ ಒಂದೇ ಗಂಟೆ. ನಿಜವಾದ ಹೆಸರು, ಗುರುತಿನ ಸಂಖ್ಯೆ ಕಡ್ಡಾಯ. ಟೆನ್ಸೆಂಟ್ ಕಂಪನಿಯಂತೂ ರಾತ್ರಿ ಆಡುವವರ ಮುಖ ತಪಾಸಣೆಯನ್ನೂ ಶುರು ಮಾಡಿತು. ಅಲ್ಲೂ ಮಕ್ಕಳು ದೊಡ್ಡವರ ಖಾತೆಯಲ್ಲಿ ಒಳಹೊಕ್ಕರು. ನಾವು ಚಾಪೆ ಕೆಳಗೆ ತೂರಿದರೆ ಅವರು ರಂಗೋಲಿ ಕೆಳಗೆ ತೂರುತ್ತಾರೆ. ಕಂಪನಿ ಹಾಕುವ ಬೀಗ ಬೀಳುವುದು ಖಾತೆಯ ಮೇಲೆ, ಮಗುವಿನ ಮೇಲಲ್ಲ. ಖಾತೆಯ ಹಿಂದೆ ಕೂತಿರುವುದು ಯಾರೆಂದು ಗೊತ್ತಿರುವುದು ಆ ಮನೆಯವರಿಗೆ ಮಾತ್ರ.

ನಮ್ಮಲ್ಲಿ ಬಿಜಿಎಂಐ ಸರ್ಕಾರದ ತಡೆ ತೆರವಾಗಿ 2023ರ ಮೇ ತಿಂಗಳಲ್ಲಿ ಮರಳಿ ಬಂದಾಗ 18ರೊಳಗಿನವರಿಗೆ ದಿನಕ್ಕೆ 3 ಗಂಟೆ, ದೊಡ್ಡವರಿಗೆ 6 ಗಂಟೆ ಎಂಬ ಮಿತಿಯೊಂದಿಗೆ ಬಂತು. ಶಾಲೆ, ಟ್ಯೂಷನ್ ಮುಗಿಸಿ ಆರು ಗಂಟೆಗೆ ಮನೆಗೆ ಬರುವ ಹುಡುಗನಿಗೆ 3 ಗಂಟೆ ಎಂದರೆ ಒಂಬತ್ತರವರೆಗಿನ ಇಡೀ ಸಂಜೆ. 2021ರಲ್ಲಿ ಆಟ ಶುರುವಾದಾಗ ಮಕ್ಕಳ ಖರ್ಚಿಗೆ ಇಟ್ಟ ಮಿತಿ ದಿನಕ್ಕೆ 7,000 ರೂಪಾಯಿ. ತಿಂಗಳಿಗೆ ಲೆಕ್ಕ ಹಾಕಿದರೆ ಎರಡು ಲಕ್ಷ ದಾಟುತ್ತದೆ! ಕಂಪನಿಯ ಮಿತಿ ಎಂದರೆ ನೆಮ್ಮದಿಯಾಗಿ ನಿದ್ದೆ ಮಾಡಬಹುದಾದ ಮಿತಿ ಅಂತ ದಯವಿಟ್ಟು ತಿಳಿಯಬೇಡ. 2025ರ ಆಗಸ್ಟಿನಲ್ಲಿ ಸಂಸತ್ತು ಪಾಸು ಮಾಡಿದ ಆನ್‌ಲೈನ್ ಆಟಗಳ ಕಾಯ್ದೆಯೂ ತಡೆಯುವುದು ಹಣ ಕಟ್ಟಿ ಹಣ ಗೆಲ್ಲುವ ಆಟಗಳನ್ನು. ನಿನ್ನ ಮಗ ಎಷ್ಟು ಹೊತ್ತಿಗೆ ಮಲಗಬೇಕು ಎಂಬುದನ್ನು ಅದು ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ.

ಇನ್ನು ಮನೆಯ ವಿಷಯಕ್ಕೆ ಬರೋಣ.

ಮೊದಲ ವಾರ ಏನನ್ನೂ ಕಿತ್ತುಕೊಳ್ಳಬೇಡ, ಬರೀ ಅಳೆ. ಅವನ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಡಿಜಿಟಲ್ ವೆಲ್‌ಬೀಯಿಂಗ್ ತೆರೆದರೆ ಯಾವ ಆ್ಯಪ್ ದಿನಕ್ಕೆ ಎಷ್ಟು ಹೊತ್ತು ತೆರೆದಿತ್ತು ಎಂಬುದು ಸಿಗುತ್ತದೆ. ಇದನ್ನು ಕದ್ದು ನೋಡಬೇಡ, ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡೇ ನೋಡು. ಏಳು ದಿನದ ಅಂಕಿ ಒಂದು ಹಾಳೆಯಲ್ಲಿ ಬರೆದಿಡಿ. ಆಟಕ್ಕಿಂತ ಹೆಚ್ಚು ಹೊತ್ತನ್ನು ಬೇರೆಯವರ ಆಟದ ವಿಡಿಯೊ ನುಂಗಿರುವುದೂ ಉಂಟು. ಹಾಗಿದ್ದರೆ ಮದ್ದು ಬೇರೆ. ನಿನ್ನ ಫೋನಿನ ಅಂಕಿಯನ್ನೂ ಅದೇ ಹಾಳೆಯಲ್ಲಿ ಬರೆ. ಅಪ್ಪ ಸೋಫಾದಲ್ಲಿ ಕೂತು ಎರಡು ಗಂಟೆ ರೀಲ್ಸ್ ನೋಡುವ ಮನೆಯಲ್ಲಿ ಮಗನಿಗೊಂದೇ ಮಿತಿ ಹಾಕಿದರೆ ಅದು ನಿಲ್ಲುವುದಿಲ್ಲ.

ಎರಡನೆಯದು, ಎಲ್ಲರೂ ಎಡವುವ ಜಾಗ. ಆಟವನ್ನು ನಿಮಿಷದಲ್ಲಿ ಅಳೆಯಬೇಡ, ಮ್ಯಾಚಿನಲ್ಲಿ ಅಳೆ. ರಾತ್ರಿ ಎಂಟು ಎಂದು ಇಟ್ಟುಕೊ. ಬಿಜಿಎಂಐಯ ಎರಾಂಗೆಲ್ ಎಂಬ ದೊಡ್ಡ ನಕ್ಷೆಯ ಮ್ಯಾಚು 25ನೇ ನಿಮಿಷಕ್ಕೆ ಬಂದಿದೆ. ನೂರು ಜನರಲ್ಲಿ ಹತ್ತು ಹನ್ನೆರಡು ಮಂದಿ ಉಳಿದಿದ್ದಾರೆ, ಸಾಯದೆ ನಿಲ್ಲಬಹುದಾದ ಸುರಕ್ಷಿತ ವಲಯ ಕುಗ್ಗಿ ಕುಗ್ಗಿ ಒಂದು ಗದ್ದೆಯಷ್ಟಾಗಿದೆ. ತಂಡದ ಮೂವರು ಇಯರ್‌ಫೋನಿನಲ್ಲಿ ‘ಲೇ, ಎಡಗಡೆ ಮರದ ಹಿಂದೆ!’ ಎಂದು ಕೂಗುತ್ತಿದ್ದಾರೆ. ಅವರಲ್ಲಿ ಒಬ್ಬ ಗುಂಡು ತಿಂದು ನೆಲಕ್ಕೆ ಬಿದ್ದಿದ್ದಾನೆ, ನಿನ್ನ ಮಗ ಹೋಗಿ ಎಬ್ಬಿಸದಿದ್ದರೆ ಅವನ ಕಥೆ ಮುಗಿಯಿತು. ಸರಿಯಾಗಿ ಆಗ ನೀನು ಬಂದು ಫೋನು ಕಸಿದುಕೊಂಡರೆ, ಅವನಿಗೆ ಅದು ಆಟ ನಿಂತ ಹಾಗಲ್ಲ, ಮೂವರು ಗೆಳೆಯರಿಗೆ ಕೈಕೊಟ್ಟ ಹಾಗೆ. ಬಾಗಿಲು ಬಡಿಯುವುದು, ಊಟ ಬಿಡುವುದು ಬಹಳ ಸಲ ಇಲ್ಲಿಂದಲೇ ಶುರು.

ಆದ್ದರಿಂದ ಮಾತು ಹೀಗಿರಲಿ: ‘ಏಳೂವರೆಯ ನಂತರ ಹೊಸ ಮ್ಯಾಚ್ ಇಲ್ಲ.’ ದೊಡ್ಡ ನಕ್ಷೆಯ ಒಂದು ಮ್ಯಾಚಿಗೆ ಸುಮಾರು ಅರ್ಧ ಗಂಟೆ ಬೇಕು, ಎಂಟಕ್ಕೆ ತಾನಾಗಿಯೇ ಮುಗಿಯುತ್ತದೆ. ಬೇಗ ಸತ್ತು ಹೊರಬಿದ್ದರೆ, ಉಳಿದ ಹೊತ್ತಿಗೆ ಇನ್ನೊಂದು ಎಂಬ ಚೌಕಾಶಿ ಇಲ್ಲ. ಫ್ರೀ ಫೈರ್ ಆದರೆ ಒಂದು ಮ್ಯಾಚು ಹತ್ತು ಹದಿನೈದು ನಿಮಿಷ, ಅದಕ್ಕೆ ಲೆಕ್ಕ ಬೇರೆ. ಮೈನ್‌ಕ್ರಾಫ್ಟ್‌ನಂಥ ಆಟಕ್ಕೆ ಕೊನೆಯೇ ಇಲ್ಲ. ಅಲ್ಲಿ ಹತ್ತು ನಿಮಿಷ ಮೊದಲೇ ಹೇಳಿ, ಕಟ್ಟುತ್ತಿರುವುದನ್ನು ಒಂದು ಹಂತಕ್ಕೆ ತಂದು ನಿಲ್ಲಿಸಲು ಬಿಡಬೇಕು.

ಇಳಿಸುವುದನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸು. ಈಗ ದಿನಕ್ಕೆ ಎಂಟು ಮ್ಯಾಚ್ ಆಡುತ್ತಿದ್ದರೆ ಈ ವಾರ ಆರು, ಮುಂದಿನ ವಾರ ಐದು, ಆಮೇಲೆ ನಾಲ್ಕು. ಶಾಲೆಯ ದಿನಕ್ಕೆ ಎರಡು, ರಜೆಗೆ ನಾಲ್ಕು ಎಂಬಲ್ಲಿಗೆ ಐದಾರು ವಾರದಲ್ಲಿ ತಲುಪಿದರೆ ಸಾಕು. ಹೀಗೆ ಖಾಲಿಯಾದ ಹೊತ್ತಿಗೆ ಏನಾದರೂ ಇರಲೇಬೇಕು. ಓದು ಅಂತ ಅಲ್ಲಿಗೆ ಪುಸ್ತಕ ತುರುಕಬೇಡ, ಆಟ ಹೋದ ಜಾಗಕ್ಕೆ ಆಟವೇ ಬರಲಿ. ಬೀದಿ ಕ್ರಿಕೆಟ್ಟೋ, ಶಟಲ್ಲೋ, ಈಜೋ, ಬೇರೆ ಹುಡುಗರು ಜೊತೆಗಿರುವಂಥದ್ದು.

ಫೋನಿನ ಬೀಗ ಇದಾದ ಮೇಲೆ. ಆಂಡ್ರಾಯ್ಡ್ ಆದರೆ ನಿನ್ನ ಫೋನಿನಲ್ಲಿ ಮಗುವಿನ ಫೋನಿಗೆ ಮಿತಿ ಹಾಕಲು ಬರುವ ಗೂಗಲ್ ಫ್ಯಾಮಿಲಿ ಲಿಂಕ್ ಆ್ಯಪ್ ಹಾಕಿಕೊಂಡು ಅವನ ಖಾತೆಯನ್ನು ಜೋಡಿಸು. ಈಗಾಗಲೇ ಇರುವ ಖಾತೆಯನ್ನು ಜೋಡಿಸಲು ಅವನೂ ತನ್ನ ಫೋನಿನಲ್ಲಿ ಒಪ್ಪಬೇಕಾಗುತ್ತದೆ, ಅದು ಒಳ್ಳೆಯದೇ. ಖಾತೆ ತೆರೆಯುವಾಗ ಹುಟ್ಟಿದ ವರ್ಷ ಸುಳ್ಳು ಕೊಟ್ಟಿದ್ದರೆ ಮೊದಲು ಅದನ್ನು ಸರಿಮಾಡು. ಇಡೀ ಫೋನಿಗೆ ಮಿತಿ ಹಾಕಿದರೆ ಶಾಲೆಯ ಕೆಲಸವೂ ನಿಲ್ಲುತ್ತದೆ, ಆಟದ ಆ್ಯಪಿಗೆ ಮಾತ್ರ ಹಾಕು. ರಾತ್ರಿಗೆ ಬೇರೆಯಾಗಿ ಡೌನ್‌ಟೈಮ್, ಅಂದರೆ ಫೋನು ತಾನಾಗಿಯೇ ಬೀಗ ಬೀಳುವ ಹೊತ್ತು, ಇಡು. ಮ್ಯಾಚು ಒಮ್ಮೊಮ್ಮೆ ಐದು ನಿಮಿಷ ಹೆಚ್ಚಾಗುತ್ತದೆ, ಅದಕ್ಕೇ ಬೀಗದ ಸಮಯ ಒಪ್ಪಂದದ ಸಮಯಕ್ಕಿಂತ ಹದಿನೈದು ನಿಮಿಷ ಆಚೆಗಿರಲಿ. ಐಫೋನಿನಲ್ಲಿ ಇದೇ ಕೆಲಸಕ್ಕೆ ಸ್ಕ್ರೀನ್ ಟೈಮ್ ಇದೆ. ಅದಕ್ಕೊಂದು ಪ್ರತ್ಯೇಕ ಪಾಸ್‌ಕೋಡ್ ಇಟ್ಟು, ಮಿತಿ ಮುಗಿದಾಗ ಬ್ಲಾಕ್ ಮಾಡುವ ಆಯ್ಕೆ ಆನ್ ಮಾಡಲು ಮರೆಯಬೇಡ. ಅದಿಲ್ಲದಿದ್ದರೆ ಒಂದು ಗುಂಡಿ ಒತ್ತಿ ಮಿತಿ ದಾಟಿಬಿಡಬಹುದು.

ಬೀಗ ಸೋರುವ ಜಾಗಗಳೂ ಗೊತ್ತಿರಲಿ. ಫೋನಿನಲ್ಲಿ ಇನ್ನೊಬ್ಬ ಬಳಕೆದಾರ ಅಥವಾ ಗೆಸ್ಟ್ ಮೋಡ್ ತೆರೆದಿರುವುದು, ಕೆಲವು ಕಂಪನಿಗಳ ಫೋನಿನಲ್ಲಿ ಒಳಗೇ ಇನ್ನೊಂದು ಫೋನಿನಂತಿರುವ ಸೆಕೆಂಡ್ ಸ್ಪೇಸ್, ಪ್ಲೇ ಸ್ಟೋರ್ ಬಿಟ್ಟು ಬೇರೆ ಕಡೆಯಿಂದ ಆ್ಯಪ್ ಇಳಿಸಿಕೊಳ್ಳುವುದು, ಗಡಿಯಾರವನ್ನು ಹಿಂದಕ್ಕೆ ತಿರುಗಿಸುವುದು. ಎಲ್ಲಕ್ಕಿಂತ ದೊಡ್ಡದು ಅಜ್ಜಿಯ ಫೋನು. ಡೇಟಾ ಪ್ಯಾಕ್ ಮುಗಿದರೆ ಆಟ ನಿಲ್ಲುತ್ತದೆ ಎಂದುಕೊಂಡವರೂ ಇದ್ದಾರೆ, ಅದು ಕೆಲಸ ಮಾಡುವುದಿಲ್ಲ. ಅಪ್‌ಡೇಟ್ ಭಾರವೇ ಹೊರತು ಆಡುವುದಕ್ಕೆ ವಿಡಿಯೊ ನೋಡುವುದಕ್ಕಿಂತ ಬಹಳ ಕಡಿಮೆ ಡೇಟಾ ಸಾಕು. ರಾತ್ರಿ ಎಲ್ಲರ ಫೋನೂ ಅಡುಗೆಮನೆಯ ಕಟ್ಟೆಯ ಮೇಲೆ ಚಾರ್ಜಿಗೆ ಹೋಗಲಿ, ನಿನ್ನದೂ. ಬೆಳಿಗ್ಗೆ ಏಳಲು ಅಲಾರಂ ಬೇಕು ಎಂಬ ನೆಪಕ್ಕೆ ಜಾಗವಿರದಂತೆ ಒಂದು ಅಲಾರಂ ಗಡಿಯಾರ ತಂದುಬಿಡು.

ಹಣದ ಬಾಗಿಲು ಇವತ್ತೇ ಮುಚ್ಚು. ಅವನ ಫೋನಿನಲ್ಲಿ ನಿನ್ನ ಕಾರ್ಡಾಗಲಿ ಯುಪಿಐ ಆಗಲಿ ಇರಬಾರದು. ಪ್ಲೇ ಸ್ಟೋರಿನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಮಾಡು. ಹಾಲು ತರಲು ಕಳಿಸುವಾಗ ಹೇಳಿಕೊಟ್ಟ ನಿನ್ನ ಯುಪಿಐ ಪಿನ್ ಬದಲಿಸು. ಈಗಾಗಲೇ ದುಡ್ಡು ಹೋಗಿದ್ದರೆ 48 ಗಂಟೆಯೊಳಗೆ ಗೂಗಲ್ ಪ್ಲೇಯಲ್ಲಿ ವಾಪಸಿಗೆ ಕೋರಿಕೆ ಹಾಕು, ತಡವಾದಷ್ಟೂ ಕಷ್ಟ. ಏನು ಸಿಗುತ್ತದೆಂದು ಹೇಳದೆ ದುಡ್ಡು ತೆಗೆದುಕೊಳ್ಳುವ ಪೆಟ್ಟಿಗೆಗಳು ಆಟದೊಳಗೆ ಇರುತ್ತವಲ್ಲ, ಬೆಲ್ಜಿಯಂ ಅಂಥವನ್ನು 2018ರಲ್ಲೇ ಜೂಜು ಎಂದು ಕರೆಯಿತು. ಪ್ರತಿದಿನ ಬಂದರೆ ಬಹುಮಾನ, ಸೀಸನ್ ಮುಗಿಯುವುದರೊಳಗೆ ಮುಗಿಸದಿದ್ದರೆ ಕಟ್ಟಿದ ದುಡ್ಡು ದಂಡ ಎಂಬ ಪಾಸು, ಇವೆಲ್ಲ ಮಗುವಿನ ತಪ್ಪಲ್ಲ. ಹದಿಮೂರರ ಹುಡುಗನ ಎದುರಿಗೆ ಪರಿಣತರ ಪಡೆಯೇ ಕೂತು ಹೆಣೆದ ಬಲೆ. ಸರ್ಕಾರ ಕೈಹಾಕಬೇಕಾದದ್ದು ಇಲ್ಲಿ, ನಾವು ಕೇಳಬೇಕಾದದ್ದೂ ಇದನ್ನೇ.

ಅವನ ತಂಡದ ಉಳಿದ ಮೂವರ ಮನೆಗೂ ಫೋನು ಮಾಡು. ನಾಲ್ಕೂ ಮನೆಯವರು ಒಂದೇ ಸಮಯಕ್ಕೆ ಒಪ್ಪಿದರೆ ಅರ್ಧ ಜಗಳ ತಾನಾಗಿಯೇ ಕರಗುತ್ತದೆ. ‘ಅವರೆಲ್ಲ ಆಡ್ತಿದ್ದಾರೆ’ ಎಂಬ ಮಾತಿಗೆ ಬಲವಿರುವುದು ಅವರೆಲ್ಲ ನಿಜವಾಗಿಯೂ ಆಡುತ್ತಿರುವಾಗ ಮಾತ್ರ.

‘ಅಡಿಕ್ಟ್’ ಎಂಬ ಪದವನ್ನು ಅವನ ಮುಂದೆ ಬಳಸಬೇಡ. ವಿಶ್ವ ಆರೋಗ್ಯ ಸಂಸ್ಥೆ ಆಟದ ವ್ಯಸನವನ್ನು ಕಾಯಿಲೆಗಳ ಪಟ್ಟಿಯಲ್ಲಿ ಸೇರಿಸಿರುವುದು ನಿಜ, ಆ ಪಟ್ಟಿ 2022ರ ಜನವರಿಯಿಂದ ಜಾರಿಯಲ್ಲಿದೆ. ಆದರೆ ಅದು ಗಂಟೆ ಎಣಿಸುವುದಿಲ್ಲ. ನಿಲ್ಲಿಸಬೇಕೆಂದರೂ ನಿಲ್ಲಿಸಲಾಗದಿರುವುದು, ಊಟ, ನಿದ್ದೆ, ಓದು, ಗೆಳೆಯರು ಎಲ್ಲಕ್ಕಿಂತ ಆಟವೇ ಮುಂದಾಗುವುದು, ಕೆಡುಕು ಕಣ್ಣಿಗೆ ಕಂಡರೂ ಮುಂದುವರಿಯುವುದು, ಈ ಮೂರೂ ಸಾಮಾನ್ಯವಾಗಿ ವರ್ಷದಷ್ಟು ಕಾಲ ಇದ್ದರೆ ಆಗ ಆ ಹೆಸರು. ಹಾಗಂತ ಕೈಕಟ್ಟಿ ವರ್ಷ ಕಾಯಬೇಕಿಲ್ಲ. ಶಾಲೆ ತಪ್ಪಿಸುತ್ತಿದ್ದರೆ, ರಾತ್ರಿ ನಿದ್ದೆಯೇ ಇಲ್ಲದಿದ್ದರೆ, ಕೈ ಮಾಡುತ್ತಿದ್ದರೆ, ಸಾಯುವ ಮಾತಾಡಿದರಂತೂ ತಕ್ಷಣ 14416ಕ್ಕೆ ಕರೆ ಮಾಡು. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಹಣ ಕೊಡಬೇಕಿಲ್ಲ, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಇದಕ್ಕೆಂದೇ ‘ಶಟ್’ ಕ್ಲಿನಿಕ್ ಇದೆ. ಎಷ್ಟೋ ಸಲ ಆಟದ ಹಿಂದೆ ಇನ್ನೇನೋ ಅಡಗಿರುತ್ತದೆ: ಗಣಿತ ತಲೆಗೆ ಹತ್ತದಿರುವುದು, ತರಗತಿಯಲ್ಲಿ ಯಾರೋ ಗೋಳು ಹೊಯ್ದುಕೊಳ್ಳುತ್ತಿರುವುದು, ಖಿನ್ನತೆ. ಅದಕ್ಕೆ ಮದ್ದು ಸಿಕ್ಕದೆ ಆಟ ಬಿಡಿಸಿ ಫಲವಿಲ್ಲ.

ಕೊನೆಗೊಂದು ಮಾತು, ಬೀಗದ ಕೈ ಯಾವಾಗಲೂ ನಿನ್ನ ಬಳಿಯೇ ಇರಬಾರದು. ಹತ್ತು ವರ್ಷದವನಿಗೆ ನೀನೇ ಹೇಳು. ಹದಿಮೂರಕ್ಕೆ ಇಬ್ಬರೂ ಕೂತು ಬರೆಯಿರಿ, ಸಹಿ ಅವನದೂ ಇರಲಿ. ಹದಿನಾರಕ್ಕೆ ಮಿತಿ ಅವನೇ ಹಾಕಿಕೊಳ್ಳಲಿ, ನೀನು ವಾರಕ್ಕೊಮ್ಮೆ ಅಂಕಿ ನೋಡಿದರೆ ಸಾಕು. ಮಿತಿ ಮುರಿದರೆ ಮಾರನೆಯ ದಿನ ಒಂದು ಮ್ಯಾಚ್ ಕಡಿಮೆ, ಅಷ್ಟೇ. ತಿಂಗಳುಗಟ್ಟಲೆ ಫೋನು ಕಿತ್ತಿಡುವ ಶಿಕ್ಷೆ ಬೇಡ, ಅದು ಸುಳ್ಳು ಹೇಳುವುದನ್ನು ಕಲಿಸುತ್ತದೆ.

ಈ ಭಾನುವಾರ ಹಾಳೆ ಶುರು ಮಾಡಿ. ಏಳು ದಿನದ ಅಂಕಿ ಬಂದ ಮೇಲೆ ಅದರ ಫೋಟೊ ತೆಗೆದು ಕಳಿಸು, ಎಲ್ಲಿಂದ ಇಳಿಸುವುದು ಎಂದು ಜೊತೆಗೇ ನೋಡೋಣ.

ನಿನ್ನ ಗೆಳೆಯ