ಮಸೂದೆ ವಾಪಸ್ ಬಂದದ್ದು ಯಾರಿಗೆ?

ಮಾನ್ಯ ಸಂಪಾದಕರೇ,

‘ಮಸೂದೆ ವಾಪಸ್ ಕಳಿಸಿದ ರಾಜ್ಯಪಾಲರು’ ಎಂಬ ತಲೆಬರಹ ಆಗಾಗ ಕಾಣುತ್ತದೆ. ವಾಪಸ್ ಬಂದದ್ದು ಸದನಕ್ಕೋ ಇಲಾಖೆಗೋ ಎಂಬುದನ್ನು ಮಾತ್ರ ಸುದ್ದಿ ಬಿಡಿಸಿ ಹೇಳುವುದಿಲ್ಲ. ಶಾಸಕಾಂಗದ ಹಕ್ಕು ಉಳಿಯುವುದೂ ಅಳಿಯುವುದೂ ಅಲ್ಲೇ.

ಸಂವಿಧಾನದ 200ನೇ ವಿಧಿಯಂತೆ ರಾಜ್ಯಪಾಲರು ಮಸೂದೆಗೆ ಅಂಕಿತ ಹಾಕಬಹುದು, ತಡೆಹಿಡಿಯಬಹುದು, ಇಲ್ಲವೇ ರಾಷ್ಟ್ರಪತಿಯವರ ಪರಿಶೀಲನೆಗೆ ಕಾಯ್ದಿರಿಸಬಹುದು. ತಡೆಹಿಡಿದರೆ ‘ಆದಷ್ಟು ಬೇಗ’ ಸಂದೇಶದೊಡನೆ ಸದನಕ್ಕೆ ಮರಳಿಸಬೇಕು ಎಂದು 2023ರ ಪಂಜಾಬ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹಾಗೆ ಬಂದ ಮಸೂದೆಯನ್ನು ಒಂದಕ್ಷರವನ್ನೂ ತಿದ್ದದೆ ಸದನ ಮತ್ತೆ ಅಂಗೀಕರಿಸಿದರೂ ಅಂಕಿತ ತಡೆಹಿಡಿಯುವಂತಿಲ್ಲ.

ಇಲಾಖೆಗೆ ‘ಸ್ಪಷ್ಟೀಕರಣ ಕೋರಿ’ ಬಂದ ಕಡತದ ಕತೆ ಬೇರೆ. 2024ರಲ್ಲಿ ನಮ್ಮ ರಾಜ್ಯದ ಹಲವು ಮಸೂದೆಗಳು ಹೀಗೇ ಬಂದವು. ಅನುಮಾನ ಕೇಳುವುದು ತಪ್ಪಲ್ಲ. ಆದರೆ ಇಲಾಖೆ ಉತ್ತರ ಬರೆಯುವುದು, ಅದಕ್ಕೆ ಇನ್ನೊಂದು ಪ್ರಶ್ನೆ ಬರುವುದು ಹೀಗೆ ನಡೆಯುತ್ತಿದ್ದರೆ ಮಸೂದೆ ಸದನದ ಮುಂದೆ ಬರುವುದೇ ಇಲ್ಲ. ಎರಡನೇ ಬಾರಿ ಅಂಗೀಕರಿಸುವ ಅವಕಾಶವೂ ಹುಟ್ಟುವುದಿಲ್ಲ.

ಕಾಯ್ದಿರಿಸಿದರೆ 201ನೇ ವಿಧಿ ಅನ್ವಯಿಸುತ್ತದೆ. ಸರ್ಕಾರಿ ಗುತ್ತಿಗೆಯಲ್ಲಿ ಮೀಸಲಾತಿ ವಿಸ್ತರಿಸುವ ಕರ್ನಾಟಕದ ಮಸೂದೆ 2025ರ ಏಪ್ರಿಲ್‌ನಲ್ಲಿ ಹೋದದ್ದು ಈ ದಾರಿಯಲ್ಲಿ. ರಾಷ್ಟ್ರಪತಿಯವರು ಮರಳಿಸಲು ಸೂಚಿಸಿದರೆ ಸದನ 6 ತಿಂಗಳೊಳಗೆ ಮರುಪರಿಶೀಲಿಸಬೇಕು. ಮತ್ತೆ ಅಂಗೀಕರಿಸಿದರೂ ಅಂಕಿತ ಸಿಗಲೇಬೇಕೆಂದಿಲ್ಲ. ಗಡುವೆಲ್ಲ ಬೆಂಗಳೂರಿಗೆ, ದೆಹಲಿಗೆ ಒಂದೂ ಇಲ್ಲ! ಹೈಕೋರ್ಟಿನ ಅಧಿಕಾರಕ್ಕೆ ಧಕ್ಕೆ ತರುವ ಮಸೂದೆಯನ್ನಂತೂ ಕಾಯ್ದಿರಿಸಲೇಬೇಕು. ಉಳಿದವುಗಳ ವಿಚಾರದಲ್ಲೇ ತಕರಾರು.

ತಮಿಳುನಾಡು ಪ್ರಕರಣದಲ್ಲಿ 2025ರ ಏಪ್ರಿಲ್ 8ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ ತೀರ್ಮಾನಕ್ಕೆ ಗಡುವು ಹಾಕಿ, 10 ಮಸೂದೆಗಳಿಗೆ ಅಂಕಿತ ದೊರೆತಂತೆಯೇ ಎಂದಿತು. ಬಳಿಕ ರಾಷ್ಟ್ರಪತಿಯವರು 14 ಪ್ರಶ್ನೆಗಳನ್ನು ಮುಂದಿಟ್ಟರು. ಐವರ ಸಂವಿಧಾನ ಪೀಠ ನವೆಂಬರ್ 20ರಂದು ಕೊಟ್ಟ ಅಭಿಪ್ರಾಯ: ನ್ಯಾಯಾಲಯ ಗಡುವು ವಿಧಿಸುವಂತಿಲ್ಲ, ‘ಅಂಕಿತವಾದಂತೆ’ ಎಂದು ಭಾವಿಸುವಂತೆಯೂ ಇಲ್ಲ. ಆದರೆ ಕಾರಣ ಹೇಳದೆ ದೀರ್ಘಕಾಲ ಸುಮ್ಮನೆ ಕೂತರೆ, ತೀರ್ಮಾನ ಕೈಗೊಳ್ಳಿ ಎಂದಷ್ಟೇ ನಿರ್ದೇಶಿಸಬಹುದು.

ದೀರ್ಘಕಾಲ ಎಂದು ಸಾಧಿಸಲು ತಾರೀಖು ಬೇಕಲ್ಲ? ಮಸೂದೆ ರಾಜಭವನ ತಲುಪಿದ ದಿನ, ಸ್ಪಷ್ಟೀಕರಣ ಕೇಳಿದ ದಿನ, ಉತ್ತರ ಹೋದ ದಿನ, ಈಗ ಅದು ಯಾರ ಮೇಜಿನ ಮೇಲಿದೆ ಎಂಬ ಪಟ್ಟಿಯನ್ನು ವಿಧಾನಮಂಡಲದ ಸಚಿವಾಲಯ ಪ್ರತಿ ಅಧಿವೇಶನದ ಮೊದಲ ದಿನವೇ ಸದನದಲ್ಲಿ ಮಂಡಿಸಲಿ. ಇದಕ್ಕೆ ಸಂವಿಧಾನ ತಿದ್ದುಪಡಿ ಬೇಕಿಲ್ಲ.

– ಓದುಗ, ಧಾರವಾಡ