ದನ ಕಾಡಿನಿಂದ ಹೊರಬರಲಿ, ಅದಕ್ಕೂ ಮೊದಲು ಮೇವು ಊರಿಗೆ ಬರಲಿ

ಸಂಪಾದಕರಿಗೆ,

ಮಾನ್ಯರೇ,

2025ರ ಜೂನ್ 26ರಂದು ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ತಾಯಿ ಹುಲಿಯೊಂದು ತನ್ನ ನಾಲ್ಕು ಮರಿಗಳ ಜೊತೆ ಸತ್ತು ಬಿದ್ದಿತ್ತು. ಹತ್ತಿರದಲ್ಲೇ ವಿಷ ಬೆರೆಸಿದ ಹಸುವಿನ ಕಳೇಬರ ಸಿಕ್ಕಿತು. ಮರುತಿಂಗಳು ಅರಣ್ಯ ಸಚಿವ ಈಶ್ವರ ಖಂಡ್ರೆ ಅವರು ಕಾಡಿನೊಳಗೆ ದನ ಮೇಯಿಸುವುದನ್ನು ತಡೆಯುವಂತೆ ಅಧಿಕಾರಿಗಳಿಗೆ ಸೂಚಿಸಿದರು. ಅಂದಿನಿಂದ ಚರ್ಚೆಯೆಲ್ಲ ನಿಷೇಧ ಬೇಕು, ಬೇಡ ಎಂಬಲ್ಲೇ ನಿಂತಿದೆ. ಕಾಡಿನಿಂದ ಹೊರಗೆ ಬಂದ ದನ ಮರುದಿನ ಬೆಳಿಗ್ಗೆ ಏನು ತಿನ್ನಬೇಕು ಎಂಬ ಪ್ರಶ್ನೆಯನ್ನು ಎರಡೂ ಕಡೆಯವರು ಬಿಟ್ಟಿದ್ದಾರೆ.

ದನ ಹೊರಬರಲೇಬೇಕು ಎಂಬುದರಲ್ಲಿ ನಮಗೆ ಅನುಮಾನವಿಲ್ಲ. 250 ಕೆ.ಜಿ. ತೂಗುವ ನಾಟಿ ಹಸು ದಿನಕ್ಕೆ ಒಣಮೇವಿನ ಲೆಕ್ಕದಲ್ಲಿ ಸುಮಾರು ಆರೂವರೆ ಕೆ.ಜಿ. ತಿನ್ನುತ್ತದೆ. ಚುಕ್ಕೆ ಜಿಂಕೆಗೆ ಒಂದೂವರೆ ಕೆ.ಜಿ. ಸಾಕು. ಅಂದರೆ ಒಂದು ಹಸು ಮೇದ ಹುಲ್ಲಿನಲ್ಲಿ ನಾಲ್ಕು ಜಿಂಕೆ ಬದುಕಬಹುದಿತ್ತು. ಒಂದು ಹುಲಿಗೆ ವರ್ಷಕ್ಕೆ ಸುಮಾರು 50 ಬೇಟೆ ಪ್ರಾಣಿ ಬೇಕು. ಅಷ್ಟು ತಿಂದೂ ಸಂತತಿ ಕುಸಿಯದಿರಬೇಕಾದರೆ ಅದರ ಸರಹದ್ದಿನಲ್ಲಿ 500ರಷ್ಟು ಇರಬೇಕು ಎಂದು ಹುಲಿ ತಜ್ಞ ಉಲ್ಲಾಸ ಕಾರಂತರು ದಶಕಗಳಿಂದ ಹೇಳುತ್ತ ಬಂದಿದ್ದಾರೆ. 125 ದನಗಳ ಒಂದು ದೊಡ್ಡಿ ವರ್ಷವಿಡೀ ಕಾಡಿನಲ್ಲಿ ಮೇದರೆ ಹೆಚ್ಚುಕಡಿಮೆ ಒಂದು ಹುಲಿಯ ಅನ್ನ ಹೋದಂತೆ. ಜಿಂಕೆ, ಕಡವೆ ಕಡಿಮೆಯಾದ ಕಡೆ ಹುಲಿ ದನಕ್ಕೆ ಬೀಳುತ್ತದೆ. ದನ ಕಳೆದುಕೊಂಡವರು ವಿಷ ಇಡುವ ಪ್ರಕರಣಗಳ ಬೇರು ಇರುವುದು ಇಲ್ಲಿ.

ಹುಲ್ಲಷ್ಟೇ ಅಲ್ಲ. ಬೇಸಿಗೆಯಲ್ಲಿ ಉಳಿಯುವ ಒಂದೆರಡು ನೀರುಗುಂಡಿಗಳನ್ನು ಹಗಲೆಲ್ಲ ದನ, ನಾಯಿ, ಜನ ಹಿಡಿದುಕೊಂಡರೆ ಕಾಟಿ (ಕಾಡೆಮ್ಮೆ), ಕೊಂಡುಕುರಿ ಹತ್ತಿರ ಸುಳಿಯುವುದಿಲ್ಲ. ದನ ರುಚಿಯಾದ ಹುಲ್ಲನ್ನು ಬುಡದವರೆಗೆ ಮೇದು ಲಂಟಾನವನ್ನು ಬಿಡುತ್ತದೆ, ಏಕೆಂದರೆ ಅದು ದನಕ್ಕೆ ವಿಷ. ತೆರವಾದ ನೆಲದಲ್ಲಿ ಲಂಟಾನವೇ ಹಬ್ಬುತ್ತದೆ. ಹೊಸ ಚಿಗುರಿಗಾಗಿ ಫೆಬ್ರವರಿ, ಮಾರ್ಚಿನಲ್ಲಿ ಇಡುವ ಬೆಂಕಿ ಈ ಪೊದೆಗಳನ್ನು ಹತ್ತಿ ಮರದ ನೆತ್ತಿಗೇರುತ್ತದೆ. ಮಂಗನ ಕಾಯಿಲೆಯ ಉಣ್ಣೆಗಳಿಗೂ ಕಾಡಿನಲ್ಲಿ ಮೇಯುವ ದನವೇ ದೊಡ್ಡ ಆಸರೆ. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ರೋಗದ ವಿಷಯಕ್ಕೆ ಇನ್ನಷ್ಟು ಗಮನ ಬೇಕು. 1968ರಲ್ಲಿ ದೊಡ್ಡರೋಗ (ರಿಂಡರ್‌ಪೆಸ್ಟ್) ಬಂಡೀಪುರ, ಮುದುಮಲೆ ಸೀಮೆಯ ಕಾಟಿಗಳನ್ನು ಹಿಂಡು ಹಿಂಡಾಗಿ ಕೊಂದಿತು. ಆ ರೋಗ ಈಗ ಜಗತ್ತಿನಲ್ಲೇ ಇಲ್ಲ. ಕಾಲುಬಾಯಿ ಜ್ವರ ಇದೆ, ನೆರಡಿ (ಆಂಥ್ರಾಕ್ಸ್) ಇದೆ. ವನ್ಯಧಾಮದ ಸುತ್ತಲಿನ ಐದು ಕಿ.ಮೀ. ಒಳಗಿನ ದನಗಳಿಗೆ ಲಸಿಕೆ ಹಾಕಿಸಬೇಕೆಂದು ವನ್ಯಜೀವಿ ಸಂರಕ್ಷಣಾ ಕಾಯ್ದೆಯ 33ಎ ಕಲಂ ಹೇಳುತ್ತದೆ. ತಪ್ಪುವುದು ಎಲ್ಲಿ ಎಂದರೆ, ಲಸಿಕೆ ತಂಡ ಹಳ್ಳಿಗೆ ಬರುವುದು ಹಗಲಿನಲ್ಲಿ, ಆ ಹೊತ್ತಿಗೆ ದನ ಕಾಡಿನಲ್ಲಿರುತ್ತದೆ. ಕಾಡಿನೊಳಗೇ ಹಾಕಿದ ದೊಡ್ಡಿಗಳ ದನಗಳಂತೂ ತಿಂಗಳುಗಟ್ಟಲೆ ಊರಿಗೆ ಬರುವುದೇ ಇಲ್ಲ. ಕಾಲುಬಾಯಿ ಜ್ವರದ ಲಸಿಕೆಯ ಶಕ್ತಿ ಆರು ತಿಂಗಳಿನಷ್ಟೇ. ಒಂದು ಸುತ್ತು ತಪ್ಪಿದರೆ ಆ ಮಂದೆ ರಕ್ಷಣೆಯಿಲ್ಲದೆ ಕಾಟಿಗಳ ಜೊತೆ ಒಂದೇ ನೀರು ಕುಡಿಯುತ್ತದೆ. ದೊಡ್ಡಿಗಳು ತೆರವಾಗುವ ತನಕ ತಂಡ ನಸುಕಿನಲ್ಲಿ ಐಸ್ ಪೆಟ್ಟಿಗೆ ಸಮೇತ ದೊಡ್ಡಿಗೇ ಹೋಗಬೇಕು. ಕಾಡಿನ ಗೇಟಿನಲ್ಲಿ ಕಿವಿಯೋಲೆಯ 12 ಅಂಕಿಯ ಸಂಖ್ಯೆ ಬರೆದುಕೊಂಡರೆ ಯಾವ ದನಕ್ಕೆ ಲಸಿಕೆ ಆಗಿದೆ, ಯಾವುದು ಯಾರದು ಎಂಬ ಎರಡೂ ಒಟ್ಟಿಗೆ ತಿಳಿಯುತ್ತವೆ.

ಯಾರದು ಎಂಬುದು ಮುಖ್ಯ. ಎರಡು ಹಸು, ಒಂದು ಜೊತೆ ಎತ್ತು ಇರುವ ಇಲ್ಲಿನ ಸೋಲಿಗ ಅಥವಾ ಬೇಡಗಂಪಣ ಸಮುದಾಯದ ಮನೆ ಒಂದು ಕಡೆ. ಗಡಿಯಾಚೆಯಿಂದಲೂ ಬೇರೆ ಊರುಗಳಿಂದಲೂ ದನ ತಂದು, ಕೂಲಿಯಾಳು ಇಟ್ಟು, ಗೊಬ್ಬರಕ್ಕಾಗಿ ಕಾಡಿನಲ್ಲಿ ದೊಡ್ಡಿ ಹಾಕುವವರು ಇನ್ನೊಂದು ಕಡೆ. ಗುಂಡ್ಲುಪೇಟೆ ಕಾಡಂಚಿನ ಸಗಣಿ ಕಾಫಿ ಸೀಮೆಗೆ ಮಾರಾಟವಾಗುವುದನ್ನು, ಕಾಫಿ ಬೆಲೆ ಏರಿದಾಗ ಸಗಣಿಗಾಗಿಯೇ ಸಾಕುವ ದನ ಹೆಚ್ಚಿದ್ದನ್ನು ವನ್ಯಜೀವಿ ವಿಜ್ಞಾನಿ ಎಂ.ಡಿ. ಮಧುಸೂದನ್ ಅಧ್ಯಯನ ಮಾಡಿ ತೋರಿಸಿದ್ದಾರೆ. ದನ ಇಳಿದ ಕಡೆ ಕಾಡಿನ ಮೇಯುವ ಪ್ರಾಣಿಗಳು ಚೇತರಿಸಿಕೊಂಡದ್ದನ್ನೂ ಅವರು ದಾಖಲಿಸಿದ್ದಾರೆ. ಸಗಣಿಯ ಮಂದೆಯನ್ನು ಕೊಟ್ಟಿಗೆಯಲ್ಲಿ ಕಟ್ಟಿ ಮೇಯಿಸಿದರೆ ಸಗಣಿ ಮಾರಿದ ಹಣದಲ್ಲಿ ಮೇವಿನ ಖರ್ಚೂ ಹುಟ್ಟುವುದಿಲ್ಲ. ಅಂಥ ಮಂದೆಗೆ ಮೇವು ಯೋಜನೆ ಬೇಡ, ಅದು ಮೊದಲ ಹಂತದಲ್ಲೇ ಹೊರಗೆ ಹೋಗಲಿ.

ಮನೆ ದನದ ವಿಷಯದಲ್ಲಿ ಸುತ್ತೋಲೆಯೊಂದೇ ಸಾಲದು. ರಾಷ್ಟ್ರೀಯ ಉದ್ಯಾನದಲ್ಲಿ ಮೇಯಿಸುವಂತಿಲ್ಲ ಎಂದು ಕಾಯ್ದೆಯೇ ಹೇಳಿದೆ. ವನ್ಯಧಾಮದಲ್ಲಿ ನಿಯಂತ್ರಿಸುವ, ನಿಷೇಧಿಸುವ ಅಧಿಕಾರ ಮುಖ್ಯ ವನ್ಯಜೀವಿ ಪರಿಪಾಲಕರಿಗಿದೆ. ಜೊತೆಗೆ 2006ರ ಅರಣ್ಯ ಹಕ್ಕು ಕಾಯ್ದೆ ಮೇಯಿಸುವ ಸಮುದಾಯ ಹಕ್ಕನ್ನೂ ಗುರುತಿಸಿದೆ. 2022ರಲ್ಲಿ ಮದ್ರಾಸ್ ಹೈಕೋರ್ಟ್ ಕೂಡ ಎಲ್ಲ ಕಾಡಿಗೂ ಹಾಕಿದ್ದ ನಿಷೇಧವನ್ನು ಬಳಿಕ ರಾಷ್ಟ್ರೀಯ ಉದ್ಯಾನ, ವನ್ಯಧಾಮ, ಹುಲಿ ಮೀಸಲು ಪ್ರದೇಶಗಳಿಗೆ ಸೀಮಿತಗೊಳಿಸಿತು. ಹಕ್ಕಿನ ಅರ್ಜಿಗಳನ್ನು ಗ್ರಾಮಸಭೆಯಲ್ಲಿ ಮೊದಲು ಇತ್ಯರ್ಥ ಮಾಡದೆ ಮುಂದೆ ಹೋದರೆ ಇಡೀ ಕೆಲಸ ಕೋರ್ಟಿನಲ್ಲಿ ಸಿಕ್ಕಿಕೊಳ್ಳುತ್ತದೆ, ಅಷ್ಟು ದಿನವೂ ದನ ಕಾಡಿನಲ್ಲೇ ಇರುತ್ತದೆ.

"ಗೋಮಾಳ ಇದೆಯಲ್ಲ" ಎನ್ನುವವರು ಒಮ್ಮೆ ಲೆಕ್ಕ ಹಾಕಬೇಕು. ಭೂಕಂದಾಯ ನಿಯಮಗಳ 97ನೇ ನಿಯಮದಂತೆ 100 ದನಕ್ಕೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಗೋಮಾಳ ಇರಬೇಕು. ಮಳೆ ಚೆನ್ನಾಗಿ ಆದ ವರ್ಷ ಎಕರೆಗೆ ಒಂದು ಟನ್ ಒಣಹುಲ್ಲು ಹಿಡಿದರೂ 30 ಟನ್. ಹುಲ್ಲು ಮತ್ತೆ ಹುಟ್ಟಬೇಕಾದರೆ ಅರ್ಧ ಬಿಡಬೇಕು. ಉಳಿದ 15 ಟನ್ 100 ದನಕ್ಕೆ 23 ದಿನ ಬರುತ್ತದೆ. ಒತ್ತುವರಿಯನ್ನು ಖಂಡಿತ ತೆರವು ಮಾಡಲಿ, ಆದರೆ ಮೇವು ಬೆಳೆಯದೆ ಬೇರೆ ದಾರಿಯಿಲ್ಲ.

ಅದನ್ನು ಕಾಡಂಚಿನಲ್ಲೇ ಬೆಳೆಯಲು ಹೋಗುವುದು ದೊಡ್ಡ ತಪ್ಪು. ಹಸಿರು ನೇಪಿಯರ್ ಹುಲ್ಲು ಆನೆಗೆ ಕಬ್ಬಿನಷ್ಟೇ ಇಷ್ಟ. ಕಾಡಿನ ಪಕ್ಕದ ಹೊಲದಲ್ಲಿ ಹಾಕಿದರೆ ಒಂದೇ ರಾತ್ರಿಗೆ ಮುಗಿಯುತ್ತದೆ, ಹೊಸದೊಂದು ಸಂಘರ್ಷ ಹುಟ್ಟುತ್ತದೆ. ಗುಂಡಾಲ್, ಉಡುತೊರೆ ಜಲಾಶಯಗಳ ಅಚ್ಚುಕಟ್ಟಿನಲ್ಲಿ, ಕಾಡಿನಿಂದ ದೂರ ಬೆಳೆದು, ರಸಮೇವು (ಗಾಳಿಯಾಡದಂತೆ ಮುಚ್ಚಿ ಹುದುಗಿಸಿದ ಹಸಿಮೇವು, ಸೈಲೇಜ್) ಮಾಡಿ ಚೀಲ ತುಂಬಿ ಕಾಡಂಚಿನ ಹಾಲಿನ ಸಂಘಗಳಿಗೆ ಸಾಗಿಸಬೇಕು. ನೀರಾವರಿ ನೇಪಿಯರ್ ನಾಟಿಯಾದ 75 ದಿನಕ್ಕೆ ಮೊದಲ ಕೊಯ್ಲು, ಆಮೇಲೆ 45 ದಿನಕ್ಕೊಂದು. ತಡಮಾಡಿದರೆ ಕಾಂಡ ಬಲಿತು ದನ ಎಲೆ ತಿಂದು ದಂಟು ಬಿಡುತ್ತದೆ. ಮನೆಯ ಒಣಹುಲ್ಲೂ ಸೇರಿದರೆ ಒಂದು ಹಸುವಿಗೆ ಮೂರು ನಾಲ್ಕು ಗುಂಟೆ ಸಾಕು. ರಸಮೇವಿಗೆ ಮುಸುಕಿನ ಜೋಳವೇ ಮೇಲು: ತೆನೆ ಹಾಲುಗಟ್ಟಿ ಗಟ್ಟಿಯಾಗುವ ಹಂತದಲ್ಲಿ ಕೊಯ್ದು, ಒಂದಂಗುಲಕ್ಕೆ ಕತ್ತರಿಸಿ, ಗಾಳಿ ಉಳಿಯದಂತೆ ತುಳಿದು ಮುಚ್ಚಿದರೆ 45 ದಿನಕ್ಕೆ ಸಿದ್ಧ. ಮುಷ್ಟಿಯಲ್ಲಿ ಹಿಂಡಿದರೆ ನೀರು ತೊಟ್ಟಿಕ್ಕುವಷ್ಟು ಹಸಿಯಿದ್ದರೆ ಕೊಳೆಯುತ್ತದೆ, ಚೀಲದಲ್ಲಿ ಸಣ್ಣ ತೂತಿದ್ದರೂ ಬೂಷ್ಟು ಹಿಡಿಯುತ್ತದೆ.

ನೀರಿಲ್ಲದ ಊರಿಗೆ ಭತ್ತದ ಹುಲ್ಲಿನ ಪೌಷ್ಟಿಕತೆ ಹೆಚ್ಚಿಸುವ ಯೂರಿಯಾ ಉಪಚಾರ ಇದೆ. 100 ಕೆ.ಜಿ. ಒಣಹುಲ್ಲಿಗೆ 4 ಕೆ.ಜಿ. ಯೂರಿಯಾವನ್ನು 40ರಿಂದ 50 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಪದರ ಪದರವಾಗಿ ಚಿಮುಕಿಸಿ, ತುಳಿದು, ಟಾರ್ಪಾಲಿನಲ್ಲಿ ಬಿಗಿಯಾಗಿ 21 ದಿನ ಮುಚ್ಚಿಡಬೇಕು. ತಿನ್ನಿಸುವ ಮೊದಲು ಒಂದು ಗಂಟೆ ಹರಡಿ ಘಾಟು ಹೋಗಲು ಬಿಡಬೇಕು. ಕರಗದ ಹರಳು ಉಳಿದರೆ ದನ ಸಾಯಬಹುದು. ಆರು ತಿಂಗಳೊಳಗಿನ ಕರುವಿಗೆ ಇದನ್ನು ಕೊಡಲೇಬಾರದು. ಆದ್ದರಿಂದ ಪಶು ಆಸ್ಪತ್ರೆಯವರು ಮೊದಲ ಬಾರಿ ಪ್ರತಿ ಊರಿನಲ್ಲೂ ಎದುರು ನಿಂತು ಮಾಡಿಸಬೇಕು, ಕರಪತ್ರ ಹಂಚಿದರೆ ಆಗುವುದಿಲ್ಲ.

ಇಷ್ಟಾದರೂ ಹುಲಿ ದನ ಹಿಡಿಯುತ್ತದೆ. ಹಿಡಿದ ದನಕ್ಕೆ ಅದು ಸಾಮಾನ್ಯವಾಗಿ ಕತ್ತಲಾದ ಮೇಲೆ ಮತ್ತೆ ಬರುತ್ತದೆ, ವಿಷ ಇಡುವವರಿಗೂ ಇದು ಗೊತ್ತು. ಆದ್ದರಿಂದ ಸಿಬ್ಬಂದಿ ಅದೇ ದಿನ ಸಂಜೆಯೊಳಗೆ ಸ್ಥಳಕ್ಕೆ ತಲುಪಿ ಮಹಜರು, ಫೋಟೋ, ಪಶುವೈದ್ಯರ ಪರೀಕ್ಷೆ ಮುಗಿಸಿ, ಕಳೇಬರದ ಬಳಿ ಕ್ಯಾಮೆರಾ ಕಟ್ಟಿ ಕಾವಲಿಡಬೇಕು. ಸುತ್ತ ಸತ್ತ ನೊಣ, ಸತ್ತ ಕಾಗೆ ಕಂಡರೆ ವಿಷ ಬಿದ್ದಿದೆ ಎಂದೇ ತಿಳಿದು, ಮಾದರಿ ತೆಗೆದು, ಕಳೇಬರವನ್ನು ತಕ್ಷಣ ತೆರವು ಮಾಡಬೇಕು. ಅರಣ್ಯ ಇಲಾಖೆಯ ಆನ್‌ಲೈನ್ ವ್ಯವಸ್ಥೆಯಾದ ಇ-ಪರಿಹಾರದಲ್ಲಿ ಅರ್ಜಿ ಹಾಕುವ ಕೆಲಸವೂ ಸಿಬ್ಬಂದಿಯದೇ ಆಗಲಿ, ಹಣ ಒಂದು ವಾರದೊಳಗೆ ಖಾತೆಗೆ ಬರಲಿ. ಕಾಡಿನೊಳಗೆ ಸತ್ತ ದನಕ್ಕೆ ಪರಿಹಾರ ಸಿಗುವುದು ಕಷ್ಟವಾದ್ದರಿಂದ ಮಾಲೀಕರು ಸುದ್ದಿಯನ್ನೇ ಮುಚ್ಚಿಡುತ್ತಾರೆ, ಹುಲಿಗೆ ಅಪಾಯ ಇರುವುದು ಆ ಮೌನದಲ್ಲಿ. ದನ ಹೊರತರುವ ಬದಲಾವಣೆಯ ಎರಡು ವರ್ಷಗಳ ಮಟ್ಟಿಗೆ, 24 ಗಂಟೆಯೊಳಗೆ ತಿಳಿಸಿ ಕಳೇಬರ ಮುಟ್ಟದೆ ಬಿಟ್ಟ ಸ್ಥಳೀಯ ಮನೆಗಳಿಗೆ ಕಾಡಿನೊಳಗೆ ಸತ್ತ ದನಕ್ಕೂ ಪರಿಹಾರ ಕೊಡಬೇಕು. ವಿಷ ಇಡಲು ಬಳಸಬಹುದಾದ ಫೋರೇಟ್ ಕೀಟನಾಶಕದ ಹರಳು 2020ರ ಕೊನೆಗೇ ದೇಶದಾದ್ಯಂತ ನಿಷೇಧವಾಗಿದೆ. ಹಳೆ ದಾಸ್ತಾನು ಉಳಿದಿದೆಯೇ ಎಂದು ಕೃಷಿ ಇಲಾಖೆ ಕಾಡಂಚಿನ ಅಂಗಡಿಗಳನ್ನು ತಪಾಸಣೆ ಮಾಡಲಿ.

ಕೊನೆಯದಾಗಿ ಕಾಲದ ಮಾತು. ಮುಂಗಾರಿನಲ್ಲಿ ಹೊಲದ ತುಂಬ ಬೆಳೆ ಇರುವಾಗ ದನ ಹೊರಗೆ ತಂದರೆ ಕಟ್ಟಲು ಜಾಗವೂ ಇರುವುದಿಲ್ಲ. ಕೊಯ್ಲು ಮುಗಿದ ಮೇಲೆ ಜನವರಿಯಲ್ಲಿ ತೆರವು ಶುರುಮಾಡಿದರೆ ಒಂದೆರಡು ತಿಂಗಳು ಹೊಲದ ಕೂಳೆ ಸಿಗುತ್ತದೆ, ಬೆಂಕಿಯ ಕಾಲಕ್ಕೆ ಕಾಡಿನಲ್ಲಿ ದನವೂ ಇರುವುದಿಲ್ಲ. ಮಾರ್ಚಿನಿಂದ ಮೇವು ಬ್ಯಾಂಕ್ ತೆರೆದಿರಬೇಕು. ಅದು ತುಂಬಿರಬೇಕಾದರೆ ಅಚ್ಚುಕಟ್ಟಿನ ರೈತರ ಜೊತೆ ಜೂನ್ ಒಳಗೇ ಒಪ್ಪಂದವಾಗಿ, ಮುಂಗಾರಿಗೇ ಮುಸುಕಿನ ಜೋಳ ಬಿತ್ತನೆಯಾಗಿರಬೇಕು. ಅರಣ್ಯ, ಪಶುಸಂಗೋಪನೆ, ಕಂದಾಯ ಇಲಾಖೆಗಳು ಒಂದೇ ಮೇಜಿನಲ್ಲಿ ಕೂತು ಈ ದಿನಾಂಕಗಳನ್ನು ಊರುವಾರು ಪ್ರಕಟಿಸಲಿ ಎಂದು ಕೋರುತ್ತೇವೆ.

ಇಂತಿ,
ಕಾಡಂಚಿನ ಮೇವು ಮತ್ತು ವನ್ಯಜೀವಿ ವಿಷಯಗಳಲ್ಲಿ ಆಸಕ್ತ ಓದುಗರು,
ಹನೂರು ತಾಲ್ಲೂಕು, ಚಾಮರಾಜನಗರ ಜಿಲ್ಲೆ