ಕ್ಲಾಸ್ಟ್ರಮ್ ಥೀಸಿಸ್ ಮುಗಿಯಿತು, ಥ್ಯಾಂಕ್ಸ್ ಹೇಳುವುದು ಬಾಕಿ ಇದೆ

ವೈವಾ ಆಯಿತು. ಥೀಸಿಸ್ ಪಾಸಾಯಿತು. ಫೋನ್ ಮಾಡಿದವರು, ಮೆಸೇಜ್ ಹಾಕಿದವರು ತುಂಬಾ ಜನ. ಒಬ್ಬೊಬ್ಬರಿಗೂ ಉತ್ತರ ಕೊಡುವುದು ಆಗಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಡುವೆ ಏನೇನಾಯಿತು ಅಂತ ಹತ್ತಿರದವರಿಗೆಲ್ಲ ಗೊತ್ತು. ಫೆಲೋಶಿಪ್ ನಿಂತದ್ದು, ಪೇಪರ್ ವಾಪಸ್ ಬಂದದ್ದು, ಅಪ್ಪನ ಆಪರೇಷನ್. ಅದನ್ನೆಲ್ಲ ಮತ್ತೆ ಹೇಳುವುದಿಲ್ಲ.

ಇಷ್ಟು ವರ್ಷ ಏನು ನೋಡುತ್ತಿದ್ದೆ ಅಂತ ಈಗಲೂ ಕೇಳುವವರಿದ್ದಾರೆ. ಕ್ಲಾಸ್ಟ್ರಮ್ ಅಂದರೆ ಮೆದುಳಿನ ಒಳಗೆ ಇರುವ ನರಕೋಶಗಳ ಒಂದು ತೆಳು ಹಾಳೆ. ಎಡಕ್ಕೊಂದು, ಬಲಕ್ಕೊಂದು. ಒಂದು ಕಡೆ ಪುಟಾಮೆನ್ ಅನ್ನುವ ಆಳದ ಭಾಗ, ಇನ್ನೊಂದು ಕಡೆ ಇನ್ಸುಲಾ ಅನ್ನುವ ಹೊರಪದರದ ಭಾಗ, ಎರಡರ ನಡುವೆ ಇದು. ಇಷ್ಟು ಸಣ್ಣ ಜಾಗಕ್ಕೆ ಕಾರ್ಟೆಕ್ಸಿನ, ಅಂದರೆ ಮೆದುಳಿನ ಹೊರಪದರದ, ಹೆಚ್ಚುಕಡಿಮೆ ಎಲ್ಲಾ ಭಾಗಗಳ ಜೊತೆ ಹೋಗಿಬರುವ ಸಂಪರ್ಕ ಇದೆ. ಡಿಎನ್ಎ ರಚನೆ ಕಂಡುಹಿಡಿದವರಲ್ಲೊಬ್ಬರಾದ ಫ್ರಾನ್ಸಿಸ್ ಕ್ರಿಕ್ ತಮ್ಮ ಕೊನೆಯ ದಿನಗಳಲ್ಲಿ ತಿದ್ದುತ್ತಿದ್ದದ್ದು ಇದರ ಬಗ್ಗೆ ಬರೆದ ಲೇಖನವನ್ನೇ. ಅವರು ತೀರಿಕೊಂಡದ್ದು 2004ರ ಜುಲೈನಲ್ಲಿ. ನರವಿಜ್ಞಾನಿ ಕ್ರಿಸ್ಟೋಫ್ ಕಾಖ್ ಜೊತೆ ಬರೆದ ಆ ಲೇಖನ 2005ರಲ್ಲಿ ಅಚ್ಚಾಯಿತು. ಅದನ್ನು ಓದಿಯೇ ನಾನು ಈ ಕಡೆ ಬಂದದ್ದು.

ನನ್ನ ಕೆಲಸ ಅಷ್ಟು ದೊಡ್ಡದಲ್ಲ. ಇಲಿಯ ಕ್ಲಾಸ್ಟ್ರಮ್‌ನಲ್ಲಿ ಯಾವ ಯಾವ ಬಗೆಯ ಕೋಶಗಳಿವೆ, ಯಾವುದು ಯಾವುದಕ್ಕೆ ಸೇರಿಕೊಂಡಿದೆ ಅಂತ ನೋಡುವುದು. ಅಷ್ಟೇ. ಆದರೆ ಇಲಿಯಲ್ಲಿ ಒಂದು ತೊಂದರೆ ಇದೆ. ಮನುಷ್ಯರ ಮೆದುಳಿನಲ್ಲಿ ಕ್ಲಾಸ್ಟ್ರಮ್‌ನ ಎರಡೂ ಕಡೆ ಬಿಳಿ ನಾರಿನ ಪದರ ಇರುತ್ತದೆ, ಗಡಿ ಕಣ್ಣಿಗೆ ಕಾಣುತ್ತದೆ. ಇಲಿಯಲ್ಲಿ ಇನ್ಸುಲಾ ಕಡೆ ಅಂಥ ಸ್ಪಷ್ಟ ಪದರ ಇಲ್ಲ. ಇನ್ಸುಲಾ ಎಲ್ಲಿ ಮುಗಿಯಿತು, ಕ್ಲಾಸ್ಟ್ರಮ್ ಎಲ್ಲಿ ಶುರುವಾಯಿತು ಅಂತ ಸುಮ್ನೆ ನೋಡಿ ಹೇಳುವುದಕ್ಕೆ ಆಗುವುದಿಲ್ಲ.

ಕಮಿಟಿ ಮೀಟಿಂಗಿನಲ್ಲಿ ಕೇಳಿದ್ದೂ ಇದನ್ನೇ. "ನೀವು ರೆಕಾರ್ಡ್ ಮಾಡಿದ ಕೋಶಗಳು ಕ್ಲಾಸ್ಟ್ರಮ್‌ನವೇ ಅಂತ ಹೇಗೆ ಹೇಳ್ತೀರಿ?" ನ್ಯಾಯವಾದ ಪ್ರಶ್ನೆ. (ರೆಕಾರ್ಡ್ ಅಂದರೆ ಕೋಶದ ವಿದ್ಯುತ್ ಸಂಕೇತಗಳನ್ನು ಅಳೆದು ದಾಖಲಿಸುವುದು.) ಮಾರನೇ ದಿನ ಉತ್ತರ ಕೊಡಬೇಕಿತ್ತು. ಆ ರಾತ್ರಿ ಎಲ್ಲ ಬಿಟ್ಟು ಹೋಗುತ್ತೇನೆ ಅಂತ ಗೈಡಿಗೆ ಮೇಲ್ ಬರೆದು ಇಟ್ಟಿದ್ದೆ. ಕಳಿಸುವುದೊಂದೇ ಬಾಕಿ ಇತ್ತು.

ನಮ್ಮ ಲ್ಯಾಬಿನ ಟೆಕ್ನಿಷಿಯನ್ ಅವರನ್ನು ನಾವೆಲ್ಲ ಅಕ್ಕ ಅಂತಲೇ ಕರೆಯುವುದು. ಅವರ ಕೆಲಸ ಸಂಜೆಗೇ ಮುಗಿದಿತ್ತು. ಬ್ಯಾಗ್ ಹೆಗಲಿಗೆ ಹಾಕಿಕೊಂಡು ಹೊರಟವರು ನನ್ನ ಮುಖ ನೋಡಿ ಬ್ಯಾಗ್ ಕೆಳಗಿಟ್ಟರು. ಏನಾಯಿತು ಅಂತಲೂ ಕೇಳಲಿಲ್ಲ. ಸ್ಟೇನ್ ಆಗಿದ್ದ ಸ್ಲೈಡುಗಳ ಬಾಕ್ಸುಗಳನ್ನೆಲ್ಲ ಹೊರಗೆ ತೆಗೆದು, ಮೈಕ್ರೋಸ್ಕೋಪ್ ಆನ್ ಮಾಡಿ, "ಮೊದಲು ಗಡಿ ಎಲ್ಲಿದೆ ನೋಡೋಣ. ಅಳೋದು ಆಮೇಲೆ ಇದ್ದೇ ಇದೆ" ಅಂದರು.

ಕ್ಲಾಸ್ಟ್ರಮ್‌ನಲ್ಲಿ ಹೆಚ್ಚಿನವು ದೂರದ ಕಾರ್ಟೆಕ್ಸಿಗೆ ತಂತು ಕಳಿಸುವ, ಪ್ರಚೋದಿಸುವ ಕೋಶಗಳು. ಅವುಗಳ ನಡುವೆ ತಡೆಯುವ ಕೋಶಗಳು, ಅಂದರೆ ಇಂಟರ್‌ನ್ಯೂರಾನ್‌ಗಳು, ಕಡಿಮೆ ಸಂಖ್ಯೆಯಲ್ಲಿ ಇರುತ್ತವೆ. ಒಳಗೆ ಯಾವ ವಸ್ತು ಇದೆ ಅನ್ನುವುದರ ಮೇಲೆ ಇವುಗಳಲ್ಲಿ ಬಗೆಗಳು: ಪಾರ್ವಾಲ್ಬುಮಿನ್ ಅನ್ನುವ ಪ್ರೋಟೀನ್ ಇರುವವು, ಸೊಮಾಟೊಸ್ಟ್ಯಾಟಿನ್ ಇರುವವು, ವಿಐಪಿ ಇರುವವು. ಪಾರ್ವಾಲ್ಬುಮಿನ್ ಕೋಶಗಳ ಎಳೆಗಳು ಕ್ಲಾಸ್ಟ್ರಮ್‌ನ ನಡುಭಾಗದಲ್ಲಿ ಎಷ್ಟು ದಟ್ಟವಾಗಿ ಹೆಣೆದುಕೊಂಡಿರುತ್ತವೆ ಅಂದರೆ, ಅದಕ್ಕೆ ಹಸಿರು ಬಣ್ಣ ಹಾಕಿದರೆ ಆ ಜಾಗ ಮಾತ್ರ ಸುತ್ತಲಿನದಕ್ಕಿಂತ ಬೇರೆಯಾಗಿ ಹೊಳೆಯುತ್ತದೆ. ಗಡಿ ಹುಡುಕುವುದಕ್ಕೆ ಅದೇ ಗುರುತು.

ನಾನು ರೆಕಾರ್ಡ್ ಮಾಡಿದ ಕೋಶಗಳು ಕೆಂಪು ಬಣ್ಣದಲ್ಲಿದ್ದವು. ಅಕ್ಕ ಕೆಂಪು ಚಾನೆಲ್ ಆಫ್ ಮಾಡಿಸಿದರು. "ನಿನ್ನ ಕೋಶ ಕಾಣ್ತಾ ಇದ್ರೆ ಗೆರೆ ಅದರ ಕಡೆಗೇ ಹೋಗತ್ತೆ" ಅಂದರು. ಹಸಿರನ್ನು ಮಾತ್ರ ನೋಡಿ, ಒಂದೊಂದು ಸ್ಲೈಸಿನಲ್ಲೂ ಅವರು ಗೆರೆ ಎಳೆದರು. ಎಳೆದು ಮುಗಿಸಿ ಸೇವ್ ಮಾಡಿದ ಮೇಲೆಯೇ ಕೆಂಪು ಆನ್. ಕೋಶ ಗೆರೆಯ ಒಳಗಿದ್ದರೆ ಒಂದು ಕಾಲಮ್, ಹೊರಗಿದ್ದರೆ ಇನ್ನೊಂದು. ಅನುಮಾನ ಇದ್ದದ್ದನ್ನೂ ಹೊರಗೇ ಹಾಕಿದರು. ನಾನು ಬರೆದುಕೊಳ್ಳುತ್ತಾ ಕೂತೆ.

ನನಗೆ ತುಂಬಾ ಇಷ್ಟವಾಗಿದ್ದ ಒಂದು ಕೋಶ ಇತ್ತು. ಅಷ್ಟು ಒಳ್ಳೆಯ ರೆಕಾರ್ಡಿಂಗ್ ನನಗೆ ಮತ್ತೆ ಸಿಗಲಿಲ್ಲ. ಅದರ ಸರದಿ ಬಂದಾಗ ಕೆಂಪು ಆನ್ ಮಾಡಿದೆವು. ಗೆರೆಯಿಂದ ಸ್ವಲ್ಪವೇ ಆಚೆ, ಇನ್ಸುಲಾದ ಆಳದ ಪದರದಲ್ಲಿತ್ತು. ಆಗ ಅಳು ತಡೆಯಲಾಗಲಿಲ್ಲ. ಆ ಕೋಶಕ್ಕೆ ಅತ್ತದ್ದಲ್ಲ ಅಂತ ಅವರಿಗೂ ಗೊತ್ತಿತ್ತು. ಅಪ್ಪ ಆಸ್ಪತ್ರೆಯಲ್ಲಿದ್ದರು, ನಾನು ಇಲ್ಲಿ ಕೂತಿದ್ದೆ. ಅಕ್ಕ ನನ್ನ ಬೆನ್ನ ಮೇಲೆ ಕೈಯಿಟ್ಟು ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ, "ಅದು ಒಳ್ಳೇ ಕೋಶವೇ. ನಿನ್ನ ಕೋಶ ಅಲ್ಲ, ಅಷ್ಟೆ" ಅಂದು ಮುಂದಿನ ಸ್ಲೈಡ್ ಇಟ್ಟರು.

ಬೆಳಗಾಗುವವರೆಗೆ ಇದ್ದರು. ಕೊನೆಗೆ ನೋಡಿದರೆ ಒಳಗೆ ಉಳಿದ ಕೋಶಗಳೇ ಜಾಸ್ತಿ ಇದ್ದವು. ಹೊರಗಿನವನ್ನು ತೆಗೆದ ಮೇಲೆ ಗುಂಪುಗಳು ಮೊದಲಿಗಿಂತ ಚೆನ್ನಾಗಿ ಬೇರೆಯಾಗಿ ಕಂಡವು. ಕಮಿಟಿ ಮುಂದೆ ಆ ಎರಡು ಕಾಲಮ್‌ಗಳನ್ನು ಇದ್ದ ಹಾಗೇ ತೋರಿಸಿದೆ. ಬರೆದಿಟ್ಟ ಮೇಲ್ ಕಳಿಸಲಿಲ್ಲ.

ಅಕ್ಕಾ, ಥೀಸಿಸ್‌ನ ಮೂರನೇ ಅಧ್ಯಾಯ ನಿಂತಿರುವುದು ನೀವು ಎಳೆದ ಗೆರೆಗಳ ಮೇಲೆ. ಅದನ್ನು ಅಲ್ಲಿಯೂ ಬರೆದಿದ್ದೇನೆ. ಆದರೆ ಥೀಸಿಸ್ ಓದುವವರು ನಾಲ್ಕು ಜನ, ಅಲ್ವಾ? ಇಲ್ಲಿ ಎಲ್ಲರೂ ಓದಲಿ.

ನಮ್ಮ ಗೈಡ್, ವೈರಸ್ ಇಂಜೆಕ್ಷನ್ ಕಲಿಸಿದ ಸೀನಿಯರ್‌ಗಳು, ರೆಕಾರ್ಡಿಂಗ್ ಮಾಡುವ ರಿಗ್‌ನ ಸಮಯ ಬಿಟ್ಟುಕೊಟ್ಟ ಜೊತೆಯವರು, ಹಣ ಇಲ್ಲದಾಗ ಕೇಳದೆಯೇ ಕಳಿಸಿದ ಗೆಳತಿಯರು, ಅಪ್ಪನನ್ನು ನೋಡಿಕೊಂಡ ಅಣ್ಣ ಅತ್ತಿಗೆ, ನಿಮ್ಮೆಲ್ಲರ ಋಣ ನನ್ನ ಮೇಲಿದೆ. ಆ ಇಲಿಗಳಿಗೂ ಕೈ ಮುಗಿಯುತ್ತೇನೆ. ಈ ಕೆಲಸದಲ್ಲಿ ಜೀವ ಕೊಟ್ಟದ್ದು ಅವು.

ವೈವಾದಲ್ಲಿ ಕೇಳಿದ ಕೊನೆಯ ಪ್ರಶ್ನೆ ಇನ್ನೂ ತಲೆಯಲ್ಲಿದೆ: ಕ್ಲಾಸ್ಟ್ರಮ್ ಹಾಗಾದರೆ ಏನು ಮಾಡುತ್ತದೆ? ಕ್ರಿಕ್ ಮತ್ತು ಕಾಖ್ ಅದನ್ನು ಆರ್ಕೆಸ್ಟ್ರಾದ ಕಂಡಕ್ಟರಿಗೆ ಹೋಲಿಸಿದ್ದರು. ಆಮೇಲೆ ಬಂದ ಕೆಲಸಗಳು ಬೇರೆ ಬೇರೆ ಮುಖ ತೋರಿಸಿವೆ. 2018ರಲ್ಲಿ ಇಲಿಗಳಲ್ಲಿ ಕಂಡದ್ದು, ಕ್ಲಾಸ್ಟ್ರಮ್ ಅನ್ನು ಪ್ರಚೋದಿಸಿದರೆ ಮುಂಭಾಗದ ಕಾರ್ಟೆಕ್ಸಿನ ಇಂಟರ್‌ನ್ಯೂರಾನ್‌ಗಳು ಎಚ್ಚೆತ್ತು ಅಲ್ಲಿನ ಉಳಿದ ಕೋಶಗಳನ್ನು ಸುಮ್ಮನಾಗಿಸುತ್ತವೆ. 2020ರಲ್ಲಿ, ನಿದ್ದೆಯ ನಿಧಾನ ಅಲೆಗಳನ್ನು ಕಾರ್ಟೆಕ್ಸಿನ ತುಂಬಾ ಹೊಂದಿಸುವುದರಲ್ಲೂ ಇದರ ಪಾತ್ರ ಇದೆ ಅಂತ ತೋರಿಸಿದರು. ಇದಕ್ಕೆ ಒಂದೇ ಕೆಲಸ ಅಂಟಿಸುವುದು ನನಗೆ ಒಪ್ಪಿಗೆಯಿಲ್ಲ. ಯಾವ ಬಗೆಯ ಕೋಶ, ಎಲ್ಲಿಗೆ ಹೋಗುತ್ತದೆ, ಯಾವಾಗ ಎಚ್ಚೆತ್ತುಕೊಳ್ಳುತ್ತದೆ, ಇವು ಮೂರನ್ನೂ ಒಟ್ಟಿಗೆ ಇಟ್ಟು ನೋಡಬೇಕು. ವೈವಾದಲ್ಲಿ ಹೇಳಿದ್ದೂ ಇದನ್ನೇ.

ಅಕ್ಕನ ಗೆರೆ ಎಳೆಯುವ ಕ್ರಮವನ್ನು ಹಂತ ಹಂತವಾಗಿ ಬರೆದಿದ್ದೇನೆ. ಚಿತ್ರಗಳೂ ಇವೆ, ಹೊರಗೆ ಬಿದ್ದ ಕೋಶಗಳ ಪಟ್ಟಿಯೂ ಇದೆ. ಈ ಜಾಗದಲ್ಲಿ ಕೆಲಸ ಶುರು ಮಾಡುತ್ತಿರುವವರು ಯಾರಾದರೂ ಇದ್ದರೆ ಕೇಳಿ, ಕಳಿಸುತ್ತೇನೆ.